ವೋಟು ಕೊಟ್ಟೆ, ಮನಸ್ಸು ಇನ್ನೂ ಕೊಟ್ಟಿಲ್ಲ

ಹೊಸ ನಾಯಕರು ಗೆದ್ದಿದ್ದಾರೆ. ನನ್ನ ವೋಟೂ ಅವರಿಗೇ ಬಿದ್ದಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ಇದು ಸೋತ ಕಡೆಯವರ ಹೊಟ್ಟೆಯುರಿ ಅಂದುಕೊಳ್ಳುವವರು ಇರುತ್ತಾರೆ. ಫಲಿತಾಂಶ ಬಂದಾಗಿನಿಂದ ಸ್ನೇಹಿತರು ಕೇಳುತ್ತಿರುವುದು ಒಂದೇ ಮಾತು: "ಈಗ ಖುಷಿ ಅಲ್ವಾ?" ಖುಷಿ ಆಗಿಲ್ಲ. ಬೇಜಾರೂ ಆಗಿಲ್ಲ. ಸೋಲಬೇಕಾದವರು ಸೋತರು ಅನ್ನುವ ಸಮಾಧಾನ ಇದೆ. ಅದರಿಂದಾಚೆ ಏನೂ ಹುಟ್ಟುತ್ತಿಲ್ಲ.

ಗೆಲುವಿನ ಭಾಷಣವನ್ನು ಕೊನೆತನಕ ನೋಡಿದೆ. ಚೆನ್ನಾಗಿಯೇ ಮಾತಾಡಿದರು. ಸೋತವರ ಬಗ್ಗೆ ಒಳ್ಳೆಯ ಮಾತಾಡಿದರು, ತಮಗೆ ವೋಟು ಹಾಕದವರಿಗೂ ತಾವೇ ನಾಯಕ ಅಂದರು. ಆದರೆ ನನ್ನ ಕಣ್ಣು ಅವರ ಹಿಂದೆ ನಿಂತವರ ಮೇಲೆಯೇ ಹೋಗುತ್ತಿತ್ತು. ಒಬ್ಬರು ವಾಕ್ಯ ಮುಗಿಯುವ ಮುಂಚೆಯೇ ಚಪ್ಪಾಳೆ ಶುರು ಮಾಡುತ್ತಿದ್ದರು. ಇನ್ನೊಬ್ಬರು ಕ್ಯಾಮೆರಾ ಎಲ್ಲಿದೆ ಅಂತ ಒಮ್ಮೆ ನೋಡಿಕೊಂಡು, ಸ್ವಲ್ಪಸ್ವಲ್ಪವೇ ಪಕ್ಕಕ್ಕೆ ಸರಿದು, ಭಾಷಣ ಮುಗಿಯುವ ಹೊತ್ತಿಗೆ ನಾಯಕರ ಭುಜದ ಹತ್ತಿರವೇ ಬಂದು ನಿಂತಿದ್ದರು. ನಾಳೆ ಖಾತೆ ಹಂಚುವಾಗ, ಕಡತ ತಳ್ಳುವಾಗ, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಾಗಿಲಲ್ಲೇ ಕಾಯಿಸಬೇಕು ಅಂತ ತೀರ್ಮಾನ ಮಾಡುವಾಗ ಈ ಮುಖಗಳೇ ಅಲ್ಲಿರುತ್ತವೆ. ಇವರನ್ನು ನೋಡಿ ಯಾರೂ ವೋಟು ಹಾಕಿರಲಿಲ್ಲ.

ಒಬ್ಬ ಗೆಳತಿ ಆ ರಾತ್ರಿ ಫೋನ್ ಮಾಡಿ ಅತ್ತಳು. ಸಂತೋಷದ ಅಳು. ಎಷ್ಟೋ ವರ್ಷಗಳಿಂದ ಭಯದಲ್ಲಿ ಬಾಯಿ ಮುಚ್ಚಿಕೊಂಡು ಬದುಕಿದವಳು ಅವಳು. ಅವಳ ಖುಷಿಯನ್ನು ಸಣ್ಣದು ಮಾಡುವ ಮನಸ್ಸು ನನಗಿಲ್ಲ. "ಒಳ್ಳೇದಾಯ್ತು ಕಣೆ" ಅಂದೆ, ಮನಸಾರೆ ಅಂದೆ. ಅದು ಅವಳ ಭಯ ಇಳಿದದ್ದಕ್ಕೆ ಆದ ಸಂತೋಷ. ಫೋನ್ ಇಟ್ಟ ಮೇಲೆ ಮತ್ತೆ ಅದೇ ದೂರ ಬಂದು ಕೂತಿತು. ಎಲ್ಲರೂ ಸಂಭ್ರಮಿಸುವಾಗ ಒಬ್ಬರೇ ಹೊರಗೆ ನಿಂತಂತೆ ಅನ್ನಿಸುವುದು ಸುಖದ ವಿಷಯವಲ್ಲ. ಬೇಕಂತ ಯಾರೂ ಅಲ್ಲಿ ಹೋಗಿ ನಿಲ್ಲುವುದಿಲ್ಲ.

ಇನ್ನೊಂದು ಗುಂಪಿದೆ. "ರಾಮ ಆಳಿದರೇನು, ರಾವಣ ಆಳಿದರೇನು" ಅನ್ನುವವರು. ನನ್ನ ಮುಖ ನೋಡಿ ಅವರು ನನ್ನನ್ನು ತಮ್ಮ ಕಡೆಗೆ ಸೇರಿಸಿಕೊಳ್ಳುತ್ತಾರೆ. ನಾನು ಅವರ ಜೊತೆಗೂ ಇಲ್ಲ. ಯಾರು ಬರುತ್ತಾರೆ ಅನ್ನುವುದು ಬಹಳ ದೊಡ್ಡ ವಿಷಯ. ಎಷ್ಟು ದೊಡ್ಡದು ಅನ್ನುವುದಕ್ಕೆ ಬ್ರಿಟನ್ನಿನ 1945ರ ಚುನಾವಣೆ ನೋಡಬೇಕು. ಜುಲೈ 5ಕ್ಕೆ ಮತದಾನ ಆಯಿತು. ದೂರದೂರದ ದೇಶಗಳಲ್ಲಿದ್ದ ಸೈನಿಕರ ವೋಟು ಬಂದು ಸೇರಬೇಕಿತ್ತು, ಹಾಗಾಗಿ ಫಲಿತಾಂಶ ಹೊರಬಿದ್ದದ್ದು ಜುಲೈ 26ಕ್ಕೆ. ಎರಡನೇ ಮಹಾಯುದ್ಧ ನಡೆಸಿದ ಪ್ರಧಾನಿ ಚರ್ಚಿಲ್ ಸೋತಿದ್ದರು. ಗೆದ್ದದ್ದು ಕ್ಲೆಮೆಂಟ್ ಅಟ್ಲೀ. ಮಾತು ಕಡಿಮೆ, ಮೈ ಜುಮ್ಮೆನ್ನಿಸುವ ಭಾಷಣ ಅವರಿಂದ ಬರುತ್ತಿರಲಿಲ್ಲ. ಪ್ರಧಾನಿಯಾಗಲು ಅರಮನೆಗೆ ಹೋದದ್ದು ಮನೆಯ ಸಣ್ಣ ಕಾರಿನಲ್ಲಿ, ಓಡಿಸಿದ್ದು ಹೆಂಡತಿ ವಯೊಲೆಟ್. 1948ರ ಜುಲೈ 5ರಂದು, ಅಂದರೆ ಮತದಾನವಾಗಿ ಸರಿಯಾಗಿ ಮೂರು ವರ್ಷಕ್ಕೆ, ಅವರ ಸರ್ಕಾರ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿತು. ಕಾಯಿಲೆ ಬಿದ್ದವರು ದುಡ್ಡಿಲ್ಲ ಅಂತ ಡಾಕ್ಟರ ಹತ್ತಿರ ಹೋಗದೆ ಕೂರುವ ಕಾಲ ಅಲ್ಲಿ ಮುಗಿಯಿತು. ಅಟ್ಲೀಯನ್ನು ಯಾರೂ ದೇವರು ಮಾಡಲಿಲ್ಲ. 1951ರಲ್ಲಿ ಕನ್ನಡಕಕ್ಕೂ ಕಟ್ಟಿಸಿಕೊಳ್ಳುವ ಹಲ್ಲಿಗೂ ಶುಲ್ಕ ಹಾಕಲು ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಅವರೇ ಮಂತ್ರಿಸ್ಥಾನ ಬಿಟ್ಟು ಹೊರಗೆ ನಡೆದರು. ಅಟ್ಲೀಯ ಸಂಪುಟದಲ್ಲಿ ಅಷ್ಟು ನೇರವಾಗಿ ಜಗಳ ಆಡುವವರು ಇದ್ದರು. ನನಗೆ ಅದು ಬಹಳ ಇಷ್ಟದ ವಿಷಯ.

ಹಾಗಾದರೆ ನನ್ನ ಈ ದೂರ ಯಾವುದು? ಸ್ವಲ್ಪ ಯೋಚಿಸಿದರೆ ಅದು ಆ ವ್ಯಕ್ತಿಯ ಮೇಲಿನ ಅನುಮಾನಕ್ಕಿಂತ, ನಾವು ಅವರನ್ನು ನೋಡುತ್ತಿರುವ ರೀತಿಯ ಮೇಲಿನ ಭಯ ಅನ್ನಿಸುತ್ತದೆ. ಚುನಾವಣೆ ಗೆದ್ದ ಮರುದಿನ ನಮಗೆ ಒಬ್ಬ ನಾಯಕರ ಬಗ್ಗೆ ಗೊತ್ತಿರುವುದು ಅವರು ಹೇಗೆ ಮಾತಾಡುತ್ತಾರೆ, ಹೇಗೆ ಗೆಲ್ಲುತ್ತಾರೆ ಅನ್ನುವುದು ಮಾತ್ರ. ಹೇಗೆ ಆಳುತ್ತಾರೆ ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಜಾಗವನ್ನೆಲ್ಲ ನಾವು ನಮ್ಮ ಆಸೆಯಿಂದ ತುಂಬಿಸಿಬಿಡುತ್ತೇವೆ. ಆಮೇಲೆ ಅದನ್ನೇ ಅವರ ಗುಣ ಅಂತ ನಂಬುತ್ತೇವೆ.

ಒಬಾಮ ಅವರ ವಿಷಯದಲ್ಲಿ ಇದು ಜಗತ್ತಿನ ಕಣ್ಣೆದುರೇ ಆಯಿತು. 2009ರ ಜನವರಿ 20ಕ್ಕೆ ಅಧಿಕಾರ ವಹಿಸಿಕೊಂಡರು. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಸೂಚಿಸಲು ಫೆಬ್ರವರಿ 1 ಕೊನೆಯ ದಿನ. ಅಂದರೆ ಕುರ್ಚಿಯಲ್ಲಿ ಕೂತು ಎರಡು ವಾರವೂ ಆಗಿರಲಿಲ್ಲ. ಅಕ್ಟೋಬರ್‌ನಲ್ಲಿ ಪ್ರಶಸ್ತಿ ಅವರಿಗೇ ಬಂತು. ಡಿಸೆಂಬರ್ 1ಕ್ಕೆ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುವುದಾಗಿ ಹೇಳಿದರು, ಡಿಸೆಂಬರ್ 10ಕ್ಕೆ ಓಸ್ಲೋಗೆ ಹೋಗಿ ಶಾಂತಿ ಪ್ರಶಸ್ತಿ ತೆಗೆದುಕೊಂಡರು. ಭಯೋತ್ಪಾದನೆಯ ಅನುಮಾನದ ಮೇಲೆ ಹಿಡಿದವರನ್ನು ಅಮೆರಿಕ ಕೂಡಿಟ್ಟಿದ್ದ ಗ್ವಾಂಟನಾಮೋ ಬಂದೀಖಾನೆಯನ್ನು ಒಂದು ವರ್ಷದೊಳಗೆ ಮುಚ್ಚಬೇಕು ಅಂತ ಅಧಿಕಾರಕ್ಕೆ ಬಂದ ಮೂರನೇ ದಿನವೇ ಆದೇಶಕ್ಕೆ ಸಹಿ ಹಾಕಿದ್ದರು. ಅಮೆರಿಕದ ಸಂಸತ್ತು ಕೈದಿಗಳನ್ನು ಸಾಗಿಸಲು ಹಣ ಕೊಡಲಿಲ್ಲ. ಎಂಟು ವರ್ಷ ಕಳೆದು ಅವರು ಮನೆಗೆ ಹೋಗುವಾಗ ಆ ಬಂದೀಖಾನೆಯಲ್ಲಿ ಇನ್ನೂ 41 ಜನ ಇದ್ದರು. ಅವರು ಏನೂ ಮಾಡಲಿಲ್ಲ ಅಂತಲ್ಲ. 2010ರ ಆರೋಗ್ಯ ವಿಮೆಯ ಕಾನೂನು ದೊಡ್ಡ ಕೆಲಸವೇ. ಆದರೆ ಅದು ಆದದ್ದು ತಿಂಗಳುಗಟ್ಟಲೆ ಚೌಕಾಸಿ ಮಾಡಿ, ಅಲ್ಲಿ ಬಿಟ್ಟು ಇಲ್ಲಿ ಹಿಡಿದು. ಅವರು ಗೆದ್ದ ಖುಷಿಗೆ ಮೈದಾನದಲ್ಲಿ ಕಣ್ಣೀರು ಹಾಕಿದ ಲಕ್ಷಾಂತರ ಜನ ಕನಸಿದ್ದು ಇಂಥ ಕೆಲಸವನ್ನಾಗಿರಲಿಲ್ಲ. ಹಾಗಾಗಿ ಕೆಲಸ ಆದಾಗಲೂ ಬಹಳ ಜನರಿಗೆ ನಿರಾಸೆಯೇ ಆಯಿತು.

ಮ್ಯಾನ್ಮಾರ್‌ನ ಆಂಗ್ ಸಾನ್ ಸೂ ಕಿ ಅವರದ್ದು ಇನ್ನೂ ನೋವಿನ ಕಥೆ. ಸೇನೆಯ ಆಡಳಿತವನ್ನು ಎದುರಿಸಿ ಹೆಚ್ಚುಕಡಿಮೆ 15 ವರ್ಷ ಗೃಹಬಂಧನದಲ್ಲಿದ್ದವರು. ಆ ಮನೆಯ ಗೇಟಿನ ಮೇಲಿಂದ ಅವರು ಮಾತಾಡುವ ಫೋಟೋ ಎಷ್ಟೋ ಜನರ ಗೋಡೆಯ ಮೇಲಿತ್ತು. 2015ರ ನವೆಂಬರ್‌ನಲ್ಲಿ ಅವರ ಪಕ್ಷ ಭಾರಿ ಬಹುಮತದಿಂದ ಗೆದ್ದಾಗ ಮ್ಯಾನ್ಮಾರ್‌ನ ಹೊರಗಿದ್ದವರೂ ಸಂಭ್ರಮಿಸಿದರು. ಸಂಸತ್ತಿನ ನಾಲ್ಕನೇ ಒಂದು ಭಾಗ ಸೀಟು ಸೇನೆಯ ಕೈಯಲ್ಲೇ ಇತ್ತು. ರಕ್ಷಣೆ, ಗೃಹ, ಗಡಿ ಖಾತೆಗಳೂ ಸೇನೆಯವೇ. ಇದನ್ನು ಆಗ ಯಾರೂ ಜಾಸ್ತಿ ಗಮನಿಸಲಿಲ್ಲ. 2017ರ ಆಗಸ್ಟ್ ನಂತರ ಸೇನೆಯ ದಾಳಿಗೆ ಹೆದರಿ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿದರು. 2019ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನರಮೇಧದ ಆರೋಪದ ವಿರುದ್ಧ ದೇಶದ ಪರವಾಗಿ ನಿಂತು ವಾದಿಸಿದ್ದು ಸೂ ಕಿ ಅವರೇ. ಒಂದು ಕಾಲಕ್ಕೆ ತಮ್ಮನ್ನು ಬಂಧಿಸಿಟ್ಟಿದ್ದ ಸೇನೆಯ ಪರವಾಗಿ. 2021ರ ಫೆಬ್ರವರಿಯಲ್ಲಿ ಅದೇ ಸೇನೆ ಅವರನ್ನು ಮತ್ತೆ ಒಳಗೆ ಹಾಕಿತು. ಆ ಮಹಿಳೆಯ ಧೈರ್ಯ ಸುಳ್ಳಾಗಿರಲಿಲ್ಲ. ಸೆರೆಯಲ್ಲಿ ಕೂತು ಸಹಿಸುವ ಧೈರ್ಯ ಒಂದು, ಕುರ್ಚಿಯಲ್ಲಿ ಕೂತು ತನ್ನವರಿಗೇ ಬೇಡ ಅನ್ನುವ ಧೈರ್ಯ ಇನ್ನೊಂದು. ಮೊದಲನೆಯದನ್ನು ನೋಡಿ ಎರಡನೆಯದೂ ಇದೆ ಅಂತ ಜಗತ್ತು ಅಂದುಕೊಂಡಿತು.

ಇಲ್ಲಿಗೆ ಬಂದಾಗ ಸ್ನೇಹಿತರು ಕೇಳುತ್ತಾರೆ: "ಹಾಗಾದರೆ ಯಾರನ್ನೂ ನಂಬಬಾರದಾ?" ನಂಬಬಹುದು. ಏನನ್ನು ನೋಡಿ ನಂಬುತ್ತೇವೆ ಅನ್ನುವುದೇ ಪ್ರಶ್ನೆ. ನನಗೆ ಒಂದು ಅಳತೆ ಇದೆ. ನಾಯಕರಿಗೆ ಯಾರಾದರೂ "ಆಗಲ್ಲ" ಅಂದಾಗ ಅವರು ಏನು ಮಾಡುತ್ತಾರೆ? ಭಾಷಣ, ನಡೆ-ನುಡಿ, ಸರಳತೆ ಇವೆಲ್ಲ ಅದರ ಮುಂದೆ ನನಗೆ ಸಣ್ಣವು.

ಪೆರುವಿನಲ್ಲಿ 1990ರಲ್ಲಿ ಅಲ್ಬರ್ಟೊ ಫುಜಿಮೊರಿ ಗೆದ್ದಾಗ ಅವರು ರಾಜಕೀಯಕ್ಕೆ ಹೊಸಬರು. ಕೃಷಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಟ್ರ್ಯಾಕ್ಟರ್ ಮೇಲೆ ಕೂತು ಪ್ರಚಾರ ಮಾಡಿದರು. ಪ್ರಾಮಾಣಿಕತೆ, ತಂತ್ರಜ್ಞಾನ, ದುಡಿಮೆ ಅನ್ನುವುದು ಅವರ ಘೋಷಣೆ. ಎದುರಿಗಿದ್ದ ಹೆಸರಾಂತ ಲೇಖಕ ಮಾರಿಯೋ ವರ್ಗಾಸ್ ಯೋಸಾ, ಆರ್ಥಿಕತೆ ಸರಿಯಾಗಬೇಕಾದರೆ ಬೆಲೆಗಳ ಮೇಲಿನ ಸರ್ಕಾರದ ಹಿಡಿತವನ್ನು ಒಮ್ಮೆಲೇ ಬಿಟ್ಟುಬಿಡಬೇಕು ಅನ್ನುತ್ತಿದ್ದರು. ಫುಜಿಮೊರಿ ಜನರಿಗೆ ಅಂಥ ಪೆಟ್ಟು ಕೊಡುವುದಿಲ್ಲ ಅಂದರು. ಜುಲೈ 28ಕ್ಕೆ ಅಧಿಕಾರ ಸಿಕ್ಕಿತು. ಆಗಸ್ಟ್ 8ಕ್ಕೆ ಅದೇ ಪೆಟ್ಟು ಕೊಟ್ಟರು. ಆಮೇಲೆ ಸಂಸತ್ತು ಅಡ್ಡ ಬರುತ್ತಿದೆ, ನ್ಯಾಯಾಧೀಶರು ಸರಿಯಿಲ್ಲ ಅನ್ನುವ ಮಾತು ಶುರುವಾಯಿತು. 1992ರ ಏಪ್ರಿಲ್ 5ರ ಭಾನುವಾರ ರಾತ್ರಿ ಟಿವಿಯಲ್ಲಿ ಬಂದು ಸಂಸತ್ತನ್ನು ಮುಚ್ಚಿದ್ದೇನೆ ಅಂದರು. ಬೀದಿಗೆ ಟ್ಯಾಂಕ್ ಬಂದವು.

ನನ್ನನ್ನು ಕಾಡುವುದು ಮುಂದಿನ ಮಾತು. ಬಹುಪಾಲು ಜನ ಇದನ್ನು ಒಪ್ಪಿದ್ದಾರೆ ಅಂತ ಆಗಿನ ಸಮೀಕ್ಷೆಗಳು ಹೇಳಿದವು. ಅವರು ಕೆಟ್ಟ ಜನರಲ್ಲ. ಬಂಡುಕೋರರ ಬಾಂಬು, ಬೆಲೆಯೇರಿಕೆ, ಹಗರಣಗಳಿಂದ ಸಾಕಾಗಿ ಹೋಗಿದ್ದವರು. ನಮ್ಮವರು ಕೆಲಸ ಮಾಡಲು ಹೊರಟಿದ್ದಾರೆ, ಇವರು ಬಿಡುತ್ತಿಲ್ಲ ಅಂತ ಅವರಿಗೆ ಮನಸಾರೆ ಅನ್ನಿಸಿತ್ತು. ಎಂಟು ವರ್ಷದ ನಂತರ, 2000ದ ನವೆಂಬರ್‌ನಲ್ಲಿ, ಅದೇ ಫುಜಿಮೊರಿ ಜಪಾನಿಗೆ ಹೋಗಿ ಕೂತು ಫ್ಯಾಕ್ಸ್‌ನಲ್ಲಿ ರಾಜೀನಾಮೆ ಕಳಿಸಿದರು. 2009ರಲ್ಲಿ ಪೆರುವಿನ ನ್ಯಾಯಾಲಯ ಕೊಲೆಗಳಿಗೂ ಅಪಹರಣಕ್ಕೂ ಅವರೇ ಹೊಣೆ ಅಂತ 25 ವರ್ಷ ಶಿಕ್ಷೆ ಕೊಟ್ಟಿತು. "ನಮ್ಮವರು ಮಾಡಲು ಹೊರಟಿದ್ದಾರೆ, ಇವರು ಬಿಡುತ್ತಿಲ್ಲ" ಅನ್ನುವ ಮಾತನ್ನು ನಾನು ಎಲ್ಲಿ ಕೇಳಿದರೂ ಎದೆ ಸ್ವಲ್ಪ ಬಿಗಿಯುತ್ತದೆ. ನಮ್ಮ ಹೊಸ ನಾಯಕರ ಅಭಿಮಾನಿಗಳ ಬಾಯಲ್ಲಿ ಅದು ಈಗಾಗಲೇ ಬರುತ್ತಿದೆ.

ಇದಕ್ಕೆ ಎದುರಾಗಿ ದಕ್ಷಿಣ ಆಫ್ರಿಕಾ. 1994ರ ಏಪ್ರಿಲ್‌ನಲ್ಲಿ ಮಂಡೇಲಾ ಗೆದ್ದರು. ಅವರಷ್ಟು ಪ್ರೀತಿ ಪಡೆದ ನಾಯಕರು ಕಳೆದ ಶತಮಾನದಲ್ಲಿ ಕಡಿಮೆ. 1995ರಲ್ಲಿ ಸ್ಥಳೀಯ ಚುನಾವಣೆಗಳಿಗೆ ಸಂಬಂಧಪಟ್ಟು ಅವರು ಹೊರಡಿಸಿದ್ದ ಆದೇಶಗಳನ್ನು ಹೊಸ ಸಂವಿಧಾನ ನ್ಯಾಯಾಲಯ ರದ್ದು ಮಾಡಿತು. ಕಾನೂನನ್ನೇ ತಿದ್ದುವ ಅಧಿಕಾರವನ್ನು ರಾಷ್ಟ್ರಪತಿಗೆ ಸಂಸತ್ತು ಬಿಟ್ಟುಕೊಡಲು ಬರುವುದಿಲ್ಲ ಅಂದಿತು. ಆ ನ್ಯಾಯಾಧೀಶರನ್ನು ನೇಮಿಸಿದ್ದು ಮಂಡೇಲಾ ಅವರೇ. ಕೇಸು ಹಾಕಿದ್ದು ಎದುರಾಳಿ ಪಕ್ಷದ ಪ್ರಾಂತ್ಯ. ಜನ ಪೂರ್ತಿ ಅವರ ಹಿಂದಿದ್ದರು, ಒಂದು ಸಿಟ್ಟಿನ ಮಾತು ಸಾಕಿತ್ತು. ಅವರು ಟಿವಿಯಲ್ಲಿ ಬಂದು ತೀರ್ಪನ್ನು ಒಪ್ಪಿದ್ದೇನೆ ಅಂದರು. 1999ರಲ್ಲಿ ಒಂದು ಅವಧಿ ಮುಗಿಸಿ, ಬೇಕಿದ್ದರೂ ಮತ್ತೊಂದಕ್ಕೆ ನಿಲ್ಲದೆ ಮನೆಗೆ ಹೋದರು. ಮಂಡೇಲಾ ಅಂದರೆ ಎಲ್ಲರಿಗೂ ನೆನಪಾಗುವುದು 27 ವರ್ಷದ ಸೆರೆ. ನನಗೆ ಈ ತೀರ್ಪಿನ ದಿನವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಪ್ರಾಚೀನ ಅಥೆನ್ಸ್‌ನವರು ಈ ವಿಷಯದಲ್ಲಿ ಬಹಳ ಗಟ್ಟಿ. ಯಾವ ಅಧಿಕಾರಿಯಾದರೂ ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಲೇಬೇಕು. ತಮ್ಮ ಹೆಸರಾಂತ ನಾಯಕ ಪೆರಿಕ್ಲಿಸ್‌ನನ್ನು ಮತ್ತೆ ಮತ್ತೆ ದಂಡನಾಯಕನಾಗಿ ಆರಿಸಿದ್ದು ಅವರೇ, ಕ್ರಿ.ಪೂ. 430ರಲ್ಲಿ ಕೆಳಗಿಳಿಸಿ ದಂಡ ಹಾಕಿದ್ದೂ ಅವರೇ, ಮರುವರ್ಷ ಮತ್ತೆ ಆರಿಸಿದ್ದೂ ಅವರೇ.

ಪ್ರಮಾಣ ವಚನದ ಬಗ್ಗೆ ಒಂದು ಮಾತು. ಒಬಾಮ ಅವರ ಪ್ರಮಾಣದ ದಿನ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹೇಳಿಕೊಡುವಾಗ ಮಾತು ಹಿಂದುಮುಂದಾಯಿತು. ಮರುದಿನ ಸಂಜೆ ಶ್ವೇತಭವನದ ಒಂದು ಕೋಣೆಯಲ್ಲಿ, ಕೆಲವೇ ಜನರ ಮುಂದೆ, ಪ್ರಮಾಣವನ್ನು ಮತ್ತೊಮ್ಮೆ ಸರಿಯಾಗಿ ಮಾಡಿಸಿದರು. ಹಿಂದಿನ ದಿನ ಲಕ್ಷಾಂತರ ಜನ ಕಣ್ಣಾರೆ ನೋಡಿದ್ದರು, ಕೋಟ್ಯಂತರ ಜನ ಟಿವಿಯಲ್ಲಿ ನೋಡಿದ್ದರು. ಆದರೂ ಸಂವಿಧಾನ ಬರೆದಿಟ್ಟ ಸಾಲು ಬರೆದಿಟ್ಟ ಹಾಗೆ ಬಂದಿರಲಿಲ್ಲ ಅನ್ನುವ ಕಾರಣಕ್ಕೆ ಇಷ್ಟು ಎಚ್ಚರ. ಜರ್ಮನಿಯಲ್ಲಿ 1934ರ ಆಗಸ್ಟ್ 2ರಂದು ನಡೆದದ್ದು ಇದಕ್ಕೆ ತದ್ವಿರುದ್ಧ. ಹಿಟ್ಲರ್‌ಗೂ ಮುಂಚಿನ ವೈಮರ್ ಗಣರಾಜ್ಯದ ಕಾಲದಲ್ಲಿ ಅಲ್ಲಿನ ಸೈನಿಕರು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತಿದ್ದರು. ರಾಷ್ಟ್ರಪತಿ ಹಿಂಡೆನ್‌ಬರ್ಗ್ ತೀರಿಕೊಂಡ ಆ ದಿನವೇ ಅವರಿಂದ ಹಿಟ್ಲರ್‌ನ ಹೆಸರು ಹಿಡಿದು ಪ್ರಮಾಣ ಮಾಡಿಸಿದರು. ಒಬ್ಬ ಮನುಷ್ಯನಿಗೆ ನಿಷ್ಠೆ. ಮುಂದೆ ತಪ್ಪು ಗೊತ್ತಾದಾಗಲೂ ಆ ಪ್ರಮಾಣ ಎಷ್ಟೋ ಸೇನಾಧಿಕಾರಿಗಳ ಕೈ ಕಟ್ಟಿಹಾಕಿತು. ಸಾಮಾನ್ಯ ಜನರಾದ ನಮ್ಮಿಂದ ಯಾರೂ ಪ್ರಮಾಣ ಮಾಡಿಸುವುದಿಲ್ಲ. ನಾವೇ ಮನಸ್ಸಿನೊಳಗೆ ಮಾಡಿಕೊಂಡುಬಿಡುತ್ತೇವೆ. ಬಾವುಟಕ್ಕಿಂತ ಮುಖದ ಚಿತ್ರ ದೊಡ್ಡದಾಗುತ್ತದೆ, ಆ ಮುಖವನ್ನು ಟೀಕಿಸಿದವರು ನಮಗೇ ಬೈದಂತೆ ಕೇಳಿಸುತ್ತದೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹೇಳಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದರು. ಇದನ್ನು ಎಲ್ಲ ಪಕ್ಷದವರೂ ಹೇಳಿಕೊಂಡು ತಿರುಗುತ್ತಾರೆ, ಎದುರು ಪಕ್ಷದ ನಾಯಕರಿಗೆ ಅನ್ವಯಿಸಿ.

ಅದಕ್ಕಿಂತ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು 1937ರ ಒಂದು ಘಟನೆ. ಆ ವರ್ಷದ ನವೆಂಬರ್‌ನಲ್ಲಿ ಕಲ್ಕತ್ತದ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ಚಾಣಕ್ಯ ಅನ್ನುವ ಹೆಸರಲ್ಲಿ ಒಂದು ಲೇಖನ ಬಂತು. ಆಗಿನ ಕಾಂಗ್ರೆಸ್ ಅಧ್ಯಕ್ಷ ಜವಾಹರಲಾಲ್ ನೆಹರೂ ಬಗ್ಗೆ. ಇವರನ್ನು ನಂಬಿ ಕೂರಬೇಡಿ, ಇವರಲ್ಲಿ ಸರ್ವಾಧಿಕಾರಿಯಾಗುವ ಗುಣಗಳೆಲ್ಲ ಇವೆ ಅಂತ ಬರೆದಿತ್ತು. ಜನರ ಪ್ರೀತಿ, ಗಟ್ಟಿ ಮನಸ್ಸು, ಹೆಮ್ಮೆ, ಬೇರೆಯವರ ಬಗ್ಗೆ ಅಸಹನೆ. ಮೂರನೇ ಸಲ ಅಧ್ಯಕ್ಷರಾಗಿ ಆರಿಸಬೇಡಿ ಅಂತಲೂ ಹೇಳಿತ್ತು. ಬರೆದವರು ಸ್ವತಃ ನೆಹರೂ ಅನ್ನುವುದು ಆಮೇಲೆ ಗೊತ್ತಾಯಿತು. ಜನಸಾಗರ ತನ್ನ ಹೆಸರು ಕೂಗುವಾಗ ತನ್ನೊಳಗೆ ಏನಾಗುತ್ತಿದೆ ಅಂತ ನೋಡಿಕೊಂಡು, ಹೆದರಿ, ಅದನ್ನು ಅಚ್ಚಿಗೆ ಕೊಟ್ಟವರು. ಆ ಲೇಖನದಿಂದ ಅವರ ಎಲ್ಲ ತೀರ್ಮಾನಗಳೂ ಸರಿಯಾಗಿಬಿಡುವುದಿಲ್ಲ. ಆದರೆ ಗೆದ್ದವರೇ ತಮ್ಮ ಮೇಲೆ ಇಷ್ಟು ಅನುಮಾನ ಇಟ್ಟುಕೊಳ್ಳಬಹುದಾದರೆ, ವೋಟು ಹಾಕಿದವರು ಸ್ವಲ್ಪ ಇಟ್ಟುಕೊಂಡರೆ ಅದು ದ್ರೋಹ ಹೇಗಾಗುತ್ತದೆ?

ಹೊಸ ನಾಯಕರ ಮೇಲೆ ನನಗೆ ಕನಿಕರವೂ ಇದೆ. ಅವರು ಕೂರುವ ಮೊದಲೇ ಖಜಾನೆಯ ದೊಡ್ಡ ಪಾಲು ಸಂಬಳಕ್ಕೆ, ಪಿಂಚಣಿಗೆ, ಹಳೇ ಸಾಲದ ಬಡ್ಡಿಗೆ ಹೋಗಿರುತ್ತದೆ. ಉಳಿದದ್ದರಲ್ಲಿ ಎಲ್ಲರಿಗೂ ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಅವರನ್ನು ದೇವರು ಮಾಡಿದವರೇ ಎರಡು ವರ್ಷಕ್ಕೆ ಕಲ್ಲು ಹೊಡೆಯಲು ನಿಲ್ಲುತ್ತಾರೆ. ದೂರ ನಿಂತವರಿಗೆ ಕಲ್ಲು ಹೊಡೆಯುವ ಸಿಟ್ಟು ಅಷ್ಟು ಬೇಗ ಬರುವುದಿಲ್ಲ ಅಂತ ನನ್ನ ನಂಬಿಕೆ.

ಪ್ರಚಾರದ ಹೊತ್ತಿನಲ್ಲಿ ಅವರು ಹೇಳಿದ ಮಾತುಗಳಲ್ಲಿ, ಯಾವುದನ್ನು ಕೇಳಿ ನಾನು ವೋಟು ಹಾಕಿದೆನೋ ಅವನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಜಾಸ್ತಿ ಏನಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಖಾಲಿ ಇರುವ ನರ್ಸ್ ಹುದ್ದೆ ತುಂಬುತ್ತೇವೆ ಅಂದಿದ್ದರು. ವಿಚಾರಣೆಯಿಲ್ಲದೆ ಒಳಗಿರುವವರ ಕೇಸುಗಳನ್ನು ಬೇಗ ಮುಗಿಸುತ್ತೇವೆ ಅಂದಿದ್ದರು. ತಮ್ಮ ಸರ್ಕಾರದ ಲೆಕ್ಕ ತಪಾಸಣೆಯ ವರದಿಯನ್ನು ತಡಮಾಡದೆ ಸದನದ ಮುಂದೆ ಇಡುತ್ತೇವೆ ಅಂದಿದ್ದರು. ಮೊದಲ ಬಜೆಟ್ ಬಂದಾಗ ನರ್ಸ್‌ಗಳ ಸಂಬಳಕ್ಕೆ ಎಷ್ಟು ಹಣ ಇಟ್ಟಿದ್ದಾರೆ ಅಂತ ಹುಡುಕಿ ನೋಡುತ್ತೇನೆ. ಇಟ್ಟಿದ್ದರೆ ಇಟ್ಟಿದ್ದಾರೆ ಅಂತ ಇಲ್ಲೇ ಬರೆಯುತ್ತೇನೆ. ಇಲ್ಲದಿದ್ದರೆ ಅದನ್ನೂ ಬರೆಯುತ್ತೇನೆ, ನನ್ನ ಗೆಳತಿಗೂ ಕಳಿಸುತ್ತೇನೆ.